ಹೊಟ್ಟೆ ಸೀಳಿದ ಧ

ಕಾರವಾರ. ಜಿಲ್ಲಾಧಿಕಾರಿ ಕಚೇರಿಯೆದುರು, ಬಾದಾಮಿ ಮರದಡಿ
ನನ್ನ ಟೈಪ್‌ರೈಟರು. ಗಾಳಿ ತಿರುಗಿದರೆ ಕಾಗದಕ್ಕೂ ಸೀಗಡಿ ವಾಸನೆ.
ಪುಟಕ್ಕೆ ಎರಡು ರೂಪಾಯಿ, ಕಾರ್ಬನ್ ಪ್ರತಿ ಬೇರೆ.

ನತಾಲಿನ್ ಬರುತ್ತಿದ್ದಳು ಹಳಿಯಾಳದ ಆಚೆಯಿಂದ,
ನಸುಕಿನ ಬಸ್ಸು ಹಿಡಿದು, ಅರಬೈಲು ಘಟ್ಟದಲ್ಲಿ ವಾಂತಿ ಮಾಡಿಕೊಂಡು.
ಬಂದವಳೇ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಕೇಳುವಳು:
"ಇವತ್ತರ ಸಾಹೇಬ್ರು ಅದಾರೇನ್ರಿ?"

ಅವಳ ತಕರಾರು ಒಂದೇ ಅಕ್ಷರದ್ದು.
ರೇಶನ್ ಕಾರ್ಡಿನಲ್ಲಿ ಸಿದ್ದಿ, ಮತದಾರರ ಯಾದಿಯಲ್ಲಿ ಸಿದ್ಧಿ.
ಇವರು ಬೇರೆ, ಅವರು ಬೇರೆ ಎಂದು ಆಕ್ಷೇಪಣೆ ಬರೆದವನು
ಕಬ್ಬಿನ ಗದ್ದೆಯ ಧಣಿ,
ಅವಳು ಬಾಕಿ ಕೂಲಿ ಕೇಳಿದ ವರ್ಷವೇ.
ತಹಶೀಲ್ದಾರರಿಗೂ ಹೌದೆನಿಸಿತು.
ಇಡೀ ವಾಡದ ಮೂವತ್ತೊಂದು ಹೆಸರಿಗೆ ಕೆಂಪು ಗೆರೆ.
ಮೂವತ್ತು ಜನ ಸುಮ್ಮನಾದರು.

ನಾಲ್ಕನೆಯ ವಾಯಿದೆಯ ದಿನ
ವಕೀಲ ಬಾಂದೇಕರರು ಚಹಾ ಹೀರುತ್ತ ಹೇಳಿದರು:
ಈ ಸಮುದ್ರ ದಾಟಿ, ಇನ್ನೊಂದನ್ನೂ ದಾಟಿದರೆ
ಅಲ್ಲೂ ನಿನ್ನ ಬಣ್ಣದ ಜನ.
ಓಟಿನ ಯಾದಿಗೆ ಹೆಸರು ಹಚ್ಚಲು ಹೋದರೆ ಗುಮಾಸ್ತ ಕೇಳುತ್ತಿದ್ದನಂತೆ,
ಒಂದು ಸಾಬೂನಿನಲ್ಲಿ ಗುಳ್ಳೆ ಎಷ್ಟು?
ಒಂದು ಕೋರ್ಟು, ಅದರ ಮೇಲಿನ ಕೋರ್ಟು, ಸೇತುವೆಯ ಮೇಲೆ ಲಾಠಿ,
ಕಡೆಗೊಂದು ಕಾಯಿದೆ.

ನತಾಲಿನ್ ಯೋಚಿಸಿದಳು.
"ಎಣಿಸಿದವ್ರಿಗೆ ಆ ಸಾಬೂನರ ಕೊಟ್ರೇನ್ರಿ?"
ವಕೀಲರ ಚಹಾ ನೆತ್ತಿಗೇರಿತು.

ನನಗೆ ನಗು ಬರಲಿಲ್ಲ.
ಹಿಂದಿನ ಬೇಸಿಗೆ ಆ ಯಾದಿ ಬೆರಳಚ್ಚು ಮಾಡಿದವನು ನಾನು.
ಗುತ್ತಿಗೆ. ಹೆಸರಿಗೆ ಮೂರು ಪೈಸೆ.
ಶಾನುಭೋಗರ ಕೈಬರಹದಲ್ಲಿ ಸಿದ್ದಿ ಎಂದೇ ಇತ್ತು.
ಆದರೆ ನಮ್ಮ ಮಾಸ್ತರರು ಬೆತ್ತ ಹಿಡಿದು ಕಲಿಸಿದ್ದರಲ್ಲ,
ಹೊಟ್ಟೆ ಸೀಳೋ ಕತ್ತೆ, ಸಿದ್ಧಿಗೆ ಹೊಟ್ಟೆ ಸೀಳು.
ಸೀಳಿದೆ.
ಮೂವತ್ತೊಂದು ಸಲ, ಶುದ್ಧ ಕನ್ನಡದ ಅಭಿಮಾನದಲ್ಲಿ.

ಆದೇಶ ಬಂದದ್ದು ಶುಕ್ರವಾರ.
ಮತದಾನ ಮುಗಿದು ಐದು ದಿನವಾಗಿತ್ತು.
ಅರ್ಜಿದಾರಳ ಹೆಸರನ್ನು ಪುನಃ ಸೇರಿಸತಕ್ಕದ್ದು.
ಮೂರು ಸಲ ಓದಿಸಿಕೊಂಡಳು.
"ಉಳಿದವ್ರದ್ದು?"
ಅವರವರೇ ಅರ್ಜಿ ಹಾಕಬೇಕು, ಎಂದೆ.

ಸೆರಗಿನ ಗಂಟು ಬಿಚ್ಚಿ
ನಾಣ್ಯ, ನೋಟು, ಮಡಚಿದ ಬಸ್ ಟಿಕೇಟು
ಎಲ್ಲ ನನ್ನ ಮೇಜಿನ ಮೇಲೆ ಸುರಿದಳು.
"ಹಂಗಾರ ಹೊಡೀರಿ. ಮೂವತ್ತು."

ಟಿಕೇಟು, ದುಡ್ಡು ಎರಡನ್ನೂ ಹಿಂದೆ ಸರಿಸಿದೆ.
"ಯಾಕ್ರೀ?"
ರಿಬ್ಬನ್ ಹಳೇದು, ಎಂದೆ. ಅಚ್ಚು ಸರಿ ಮೂಡುವುದಿಲ್ಲ.

ಮೊದಲನೆಯದು ಜುಜೆ ಬಸ್ತ್ಯಾಂವ ಸಿದ್ದಿ.
ಬೆರಳು ತಾನಾಗಿ ಧ ಕೀಲಿಯತ್ತ ಸರಿಯಿತು.
ಎಡಗೈಯಿಂದ ಬಲಗೈ ಹಿಡಿದುಕೊಂಡು
ಹೊಡೆದೆ.