ರೆಕ್ಕೆ ಹಿಡಿದವಳು

ನನ್ನ ಕೆಲಸ ಇಷ್ಟೇ: ಎಡರೆಕ್ಕೆಯ ತುದಿ ಹಿಡಿದು
ನೆಲಕ್ಕೆ ತಾಕದಂತೆ ಎತ್ತಿ ನಿಲ್ಲುವುದು,
ಹಗ್ಗ ಬಿಗಿದಾಗ ಹತ್ತು ಹೆಜ್ಜೆ ಜೊತೆಗೆ ಓಡಿ
ಕೈ ಬಿಡುವುದು.
ಗ್ಲೈಡರಿಗೆ ಒಂದೇ ಗಾಲಿ. ನಿಂತಲ್ಲಿ
ಕುಡಿದವನ ಹಾಗೆ ವಾಲಿಕೊಂಡಿರುತ್ತದೆ,
ಓಡುವಾಗಷ್ಟೇ ಅದಕ್ಕೆ ಬುದ್ಧಿ.

ಅಕ್ಟೋಬರ್ ಹದಿನಾರು. ಯೆಲೆನ್ಯಾ ಗೂರಾ.
ಹೆಸರಿನ ಅರ್ಥ ಜಿಂಕೆಬೆಟ್ಟ; ನಾನಂತೂ
ಈ ಬಯಲಲ್ಲಿ ಮೊಲ ಬಿಟ್ಟು ಬೇರೇನೂ ಕಂಡಿಲ್ಲ.
ತೆಂಕಣ ಗಾಳಿ ಬೆಟ್ಟ ಹತ್ತಿ, ಈಚೆಗೆ ಧುಮುಕಿ,
ಮತ್ತೆ ಮೇಲೆದ್ದು ಕಾಣದ ಅಲೆ ಕಟ್ಟಿತ್ತು.
ಅಲೆಯ ನೆತ್ತಿಗೆ ಮೀನಿನಂಥ ಮೋಡ:
ಅಷ್ಟು ಗಾಳಿ ಅದರೊಳಗೆ ಓಡುತ್ತಿದ್ದರೂ
ಮೋಡ ಕದಲುವುದಿಲ್ಲ.

ರಾದೊಮಿಲ್ ತಡವಾಗಿ ಬಂದ. ಬಾಯಲ್ಲಿ ಬ್ರೆಡ್ಡು,
ಕಂಕುಳಲ್ಲಿ ಹೋದ ವರ್ಷದ ನಕ್ಷೆ.
ತಿರುವು ತೋರಿಸುವ ಮುಳ್ಳಿನ ಬ್ಯಾಟರಿಯನ್ನು
ಶನಿವಾರ ಮನೆಗೆ ಒಯ್ದಿದ್ದ, ಮಗಳ ಹುಟ್ಟುಹಬ್ಬಕ್ಕೆ
ಸೇಬಿನ ಮರದಲ್ಲಿ ದೀಪ ಹಾಕಲು.
ಚಾರ್ಜು ಮಾಡಿದೆಯಾ ಅಂದೆ.
ಗಾಜನ್ನು ಉಗುರಿನಿಂದ ಕುಟ್ಟಿದ. ಮುಳ್ಳು ಒಮ್ಮೆ
ಎದ್ದು, ಮಲಗಿತು.
"ಒತಿಲ್ಯಾ, ಇವತ್ತು ಮೋಡದೊಳಗೆ ಯಾರು ಹೋಗುತ್ತಾರೆ?
ನಲವತ್ತೇ ನಿಮಿಷ."
ಹಾರುವ ಮೊದಲು ಓದಬೇಕಾದ ಚೀಟಿ
ಮೊಳೆಗೆ ತೂಗಿತ್ತು, ಅದರ ಮೇಲೆ ಯಾರದೋ
ಚಹದ ಲೋಟದ ಉಂಗುರ.
ನೋಡಿದ್ದೇನೆ ಅಂದ. ಆಗಲಿ ಅಂದೆ.

ನಾಲ್ಕು ಸಾವಿರ ಮೀಟರಿನಿಂದ ಅವನ ದನಿ ಬಂತು:
ಆಚೆಯ ಬೊಹೆಮಿಯ ಕಾಣುತ್ತಿದೆ, ಕೆರೆಗಳೆಲ್ಲ
ಯಾರೋ ಚೆಲ್ಲಿದ ಚಿಲ್ಲರೆಯ ಹಾಗೆ.
ಆಮೇಲೆ: ಕೆಳಗಿನ ಕಿಂಡಿ ಮುಚ್ಚುತ್ತಿದೆ.
ಆಮೇಲೆ: ಬಿಳಿ.
ರೇಡಿಯೋದ ಬ್ಯಾಟರಿ ಬೇರೆ. ಅದು ಭರ್ತಿ ಇತ್ತು.

ಕಿವಿಯೊಳಗೆ ಒಂದು ತೊಟ್ಟು ನೀರು ಇದೆಯಂತೆ.
ಯಾವುದು ಮೇಲೆ ಯಾವುದು ಕೆಳಗೆ ಎಂದು
ತಲೆಗೆ ಹೇಳುವುದು ಅದೇ. ಆದರೆ
ಮೆಲ್ಲಗೆ, ಒಂದೇ ಸಮನೆ ತಿರುಗಿದರೆ
ನೀರೂ ಜೊತೆಗೆ ತಿರುಗಿ
ಸುಮ್ಮನಾಗುತ್ತದೆ.
ಸುಮ್ಮನಿರುವ ನೀರನ್ನು ಯಾರು ಅನುಮಾನಿಸುತ್ತಾರೆ?
ಗಾಜಿನ ಹೊರಗೆ ಅಂಟಿಸಿದ ಕೆಂಪು ನೂಲಿನೆಳೆ
ನೆಟ್ಟಗೆ ಹಿಂದಕ್ಕೆ ಹಾರುತ್ತಿದ್ದಿರಬೇಕು.
ಅದಕ್ಕೆ ಗೊತ್ತಿರುವುದು ಗಾಳಿ ಎದುರಿದೆಯೋ
ಓರೆಯಿದೆಯೋ ಎಂದಷ್ಟೇ.
ನೆಲ ಎಲ್ಲಿದೆ ಎಂದು ಅದಕ್ಕೂ ಗೊತ್ತಿಲ್ಲ.

ವೇಗ ಏರಿತು. ಅವನು ಕೋಲನ್ನು ಎದೆಗೆ ಎಳೆದ.
ಎಳೆದಷ್ಟೂ ಸುರುಳಿ ಬಿಗಿಯಾಯಿತು.
ಕೊನೆಯ ಮಾತು, ಟೇಪಿನಲ್ಲಿದೆ, ನಿಧಾನವಾಗಿ,
ಹೆಂಡತಿಗೆ ಸಮಾಧಾನ ಹೇಳುವವನಂತೆ:
"ನೆಟ್ಟಗಿದ್ದೇನೆ."

ನಾವು ತಲೆಯೆತ್ತಿ ಕಾದೆವು. ಏನೂ ಕೇಳಲಿಲ್ಲ.
ಇಂಜಿನ್ ಇಲ್ಲದ್ದು ನಿಂತರೂ ಕೇಳುವುದಿಲ್ಲ.

ಮರುದಿನ ಅಣಬೆ ಹೆಕ್ಕಲು ಹೋದವರಿಗೆ
ಮೊದಲು ಸಿಕ್ಕಿದ್ದು ಎಡರೆಕ್ಕೆ. ಮಿಕ್ಕಿದ್ದು
ಮೂರು ಕಿಲೋಮೀಟರು ಆಚೆ.
ಗುರುತಿಸಲು ನನ್ನನ್ನು ಕರೆದರು. ಸ್ಪ್ರೂಸ್ ಮರಕ್ಕೆ
ಒರಗಿ ನಿಂತಿತ್ತು, ತುದಿ ಮೇಲಾಗಿ;
ತುದಿಯ ಟೇಪಿಗೆ ನನ್ನ ಕೈಗವುಸಿನ
ಬೂದು ಉಣ್ಣೆಯ ಎಳೆ ಹಾಗೇ ಅಂಟಿತ್ತು.

ಈಗ ಕ್ಲಬ್ಬಿನಲ್ಲಿ ಎರಡೆರಡು ಸಹಿ,
ಬ್ಯಾಟರಿಗಳಿಗೆ ಬೀಗದ ಕಪಾಟು, ಚೀಟಿಗೆ ಹೊಸ ಗಾಜು.
ಕೊಳ್ಳೆ ಹೋದ ಊರಿಗೆ ಎಂಥಾ ಕೋಟೆ ಬಾಗಿಲು!
ವಿಚಾರಣೆಗೆ ಬಂದ ವೊಯ್ನಾರ್ ಮೇಡಂ
ಸಭ್ಯವಾಗಿ ಕೇಳಿದರು: ನಿಮ್ಮ ಪಾತ್ರವೇನು?
ರೆಕ್ಕೆ ಹಿಡಿದೆ, ಅಂದೆ.
ಹಾಗೆಂದು ಬರೆದುಕೊಂಡರು. ಮುಂದಿನ ಪ್ರಶ್ನೆಗೆ ಹೋದರು.

ಅವರು ಕೇಳಲಿಲ್ಲ, ನಾನು ಹೇಳಲಿಲ್ಲ:
ರೆಕ್ಕೆ ಓರೆಯಿದ್ದರೆ ಎಳೆಯುವ ವಿಮಾನ ಕದಲದು.
ಅದನ್ನು ಸಮ ಎತ್ತಿ ಹಿಡಿಯುವುದು
ಒಂದು ಸನ್ನೆ. ಇಡೀ ಬಯಲಿಗೆ
ಅದರ ಅರ್ಥ ಒಂದೇ:
ಇವನು ಸಿದ್ಧ.