ಗಾಳಿ ಹೊಕ್ಕ ಗಾಡಿ

ಕಾಸಾವ್ಲಿಯ ಬೇಕರಿಯವನಿಂದ ಕೊಂಡದ್ದು,
ಬಿಳಿ ಎಂದು ಕಾಗದದಲ್ಲಷ್ಟೇ ಉಳಿದ ಟಾಟಾ ೨೦೭.
ಸೀಟು ಎತ್ತಿದರೆ ಮೈದಾ,
ಇಪ್ಪತ್ತು ಮಳೆಗಾಲದ ತೇವ ಕುಡಿದು ಸಿಮೆಂಟಾಗಿತ್ತು.
ಉಳಿ ಹಿಡಿದು ಕೆತ್ತಿದೆ.
ಒಳಗೊಂದು ಹಾರ್ನು, ಪಾವ್ ಮಾರುವವರು ಸೈಕಲ್ಲಿಗೆ ಕಟ್ಟುವಂಥದು,
ರಬ್ಬರು ಸತ್ತದ್ದು.

ವಾಸ್ಕೋ ಬಂದರಿನಲ್ಲಿ ನಾನು ಲೆಕ್ಕದವನು:
ಎಷ್ಟು ಟನ್ನು ಇಳಿಯಿತು, ಎಷ್ಟು ಏರಿತು.
ಭಾನುವಾರ ಮಾತ್ರ ಇದು,
ಆಟಕ್ಕುಂಟು, ಲೆಕ್ಕಕ್ಕಿಲ್ಲ.
"ಏನ್ ಹೊರತೈತಿ ಇದು?" ಸಾವಂತ್ರಿ ಕೇಳಿದ್ದಳು, ಮೊದಲ ವರ್ಷ.
ತನ್ನದೇ ಹಳೇ ಬೇರಿಂಗು, ಎರಡು ಪಾಟಾ, ಜ್ಯಾಕು,
ಅರ್ಧ ಡಬ್ಬಿ ಗ್ರೀಸು, ನನ್ನ ಚಪ್ಪಲಿ.
ಎರಡನೇ ವರ್ಷ ಕೇಳಲಿಲ್ಲ.

ಇಲ್ಲಿಯ ಉಪ್ಪುಗಾಳಿ ತಗಡನ್ನು
ಕಾದ ರೊಟ್ಟಿಯ ಮೇಲ್ಪದರದಂತೆ ಎಬ್ಬಿಸುತ್ತದೆ.
ಕೆರೆದು, ಕೆಂಪು ಬಳಿದು, ಮತ್ತೆ ಕೆರೆದು
ಅದಕ್ಕಾದರೂ ಒಗ್ಗಿಹೋಗಿದ್ದೆ.

ಈ ಸಲದ ರೋಗ ಬೇರೆ.
ಬೆಳಿಗ್ಗೆ ಒಂದೇ ಸೆಲ್ಫಿಗೆ ಎದ್ದು ಕೂರುವುದು,
ಚಿಖಲಿಯ ಏರಿನ ನಡುವೆ, ಸರಿಯಾಗಿ ಹಳದಿ ಶಿಲುಬೆಯ ಎದುರು
ಕೆಮ್ಮಿ, ಇನ್ನೊಮ್ಮೆ ಕೆಮ್ಮಿ,
ಸುಮ್ಮನಾಗುವುದು.
ಕೈಪಂಪು ಒತ್ತೀ ಒತ್ತೀ ಹೆಬ್ಬೆರಳು ಬಾತು,
ಸ್ಕ್ರೂ ಸಡಿಲಿಸಿದರೆ ನೊರೆ. ಬರೀ ನೊರೆ.
ಫಿಲ್ಟರು ಬದಲಿಸಿದೆ. ಟ್ಯಾಂಕು ಇಳಿಸಿ ತೊಳೆದೆ.
ಬೆಳಗಾವಿಗೆ ಫೋನು ಮಾಡಿದರೆ
"ಪಂಪ್ ಬಿಚ್ಚಿ ಕಳಸ್ರಿ, ಹದಿನೆಂಟು ಸಾವಿರ."

ನಮ್ಮವ್ವ ಇದ್ದಿದ್ದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ
"ಗಾಳಿ ಹೊಕ್ಕೈತಿ" ಅನ್ನುತ್ತಿದ್ದಳು.
ಬೋಸ್ತ್ಯಾಂವನೂ ಅದನ್ನೇ ಅಂದ, ಅವನ ಕೊಂಕಣಿಯಲ್ಲಿ:
"ವಾರೆಂ ರಿಗ್ಲಾಂ."
ಎಂಬತ್ತು ದಾಟಿದ ಮೇಸ್ತ್ರಿ, ಕಣ್ಣು ಮಂಜು,
ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಹೇಳಿದ:
ಸೋರುವ ಕಡೆ ಹುಡುಕಬೇಡ.
ಟ್ಯಾಂಕಿನಿಂದ ಪಂಪಿನ ತನಕ ಎಳೆದುಕೊಳ್ಳುವ ದಾರಿ ಅದು,
ಹೊರಗೆ ಹನಿ ಬಿಡುವುದಿಲ್ಲ, ಒಳಗೆ ಉಸಿರೆಳೆಯುತ್ತದೆ.
ಒಣಗಿದ್ದ ಜಾಗವನ್ನೇ ಅನುಮಾನಿಸು.

ಒಣಗಿದ್ದ ಜಾಗ ಒಂದೇ ಎರಡೇ.
ಮೂರು ಭಾನುವಾರ ಗೋಣಿಚೀಲದ ಮೇಲೆ ಬೆನ್ನು ಹಾಸಿ
ಮೂತಿಗೆ ಡೀಸೆಲ್ ಹನಿಸಿಕೊಂಡು ಮಲಗಿದ್ದೆ.

ರಾತ್ರಿಪಾಳಿ ಮುಗಿಸಿ ಆಸ್ಪತ್ರೆಯಿಂದ ಬಂದವಳು
ಚಪ್ಪಲಿ ಬಿಡುತ್ತಾ ನನ್ನ ಕಾಲುಗಳಿಗೆ ಹೇಳಿದಳು:
"ಸಲಾಯಿನ್ ನಳಿಗಿ ಯಾಕ ಗಾಜಿನಂಗ ಇರತೈತಿ ಗೊತ್ತೈತೇನು?
ಒಳಗಿಂದು ಕಾಣಲಿ ಅಂತ."

ಮೀನಿನ ತೊಟ್ಟಿಯ ಅಂಗಡಿಯಲ್ಲಿ ಒಂದು ಮೊಳ ಪಾರದರ್ಶಕ ಪೈಪು.
ಪಂಪಿನ ಹಿಂದೆ ಜೋಡಿಸಿದೆ: ತಿಳಿ, ಜೇನಿನ ಬಣ್ಣ.
ಮುಂದೆ ಜೋಡಿಸಿದೆ.
ಸಾವಂತ್ರಿ ಬಗ್ಗಿ, ಉಗುರಿನಿಂದ ಎರಡು ಸಲ ತಟ್ಟಿದಳು,
ಇಪ್ಪತ್ತೇಳು ವರ್ಷ ಯಾರ್‍ಯಾರದೋ ತೋಳಿನ ಪಕ್ಕ ತಟ್ಟಿದಂತೆ.
"ಇಲ್ಲೇ. ಸಾಸಿವಿಕಾಳು. ಇನ್ನೊಂದು. ಇನ್ನೊಂದು."

ತಾಮ್ರದ ವಾಷರು, ಎಂಟಾಣೆಯಷ್ಟಗಲ,
ಅಂಚಿನಲ್ಲಿ ಕೂದಲೆಳೆ ಗೀರು.
ಬಹುಶಃ ಮೊದಲ ವರ್ಷ ನಾನೇ,
ಸೋರೀತೆಂಬ ಭಯಕ್ಕೆ,
ಹೆಚ್ಚು ಬಿಗಿದದ್ದು.
ಹೊಸದಕ್ಕೆ ಆರು ರೂಪಾಯಿ. ಅಂಗಡಿಯವ ಚಿಲ್ಲರೆ ಇಲ್ಲವೆಂದು
ಎರಡು ಕೊಟ್ಟ.

ಸೀರೆ ಬದಲಿಸದೆಯೇ ಹತ್ತಿ ಕೂತಳು.
ಶಿಲುಬೆ ಬಂತು. ನಾನು ಉಸಿರು ಹಿಡಿದೆ.
ಗಾಡಿ ಹಿಡಿಯಲಿಲ್ಲ.
ಮೇಲೆ ನಿಲ್ಲಿಸಿ ನೋಡಿದರೆ ಹೊರಸಮುದ್ರದಲ್ಲಿ
ಸರದಿ ಕಾಯುವ ಹಡಗುಗಳು, ಅಭ್ಯಾಸಬಲದಿಂದ ಎಣಿಸಿದೆ, ಏಳು.
ಇಂಜಿನ್ ಮಾತ್ರ ಆರಿಸಲಿಲ್ಲ, ಧೈರ್ಯ ಸಾಲದೆ.

ಇಳಿಯುವಾಗ, ಹಿಂದಿನ ಎಡಚಕ್ರದ ಕಡೆ,
ಕಟಕ್.
ಸ್ವಲ್ಪ ದೂರ ಹೋಗಿ ಮತ್ತೆ, ಕಟಕ್.
ಅವಳು ಕಿಟಕಿಯಾಚೆ ನೋಡುತ್ತಾ
"ನನಗೇನೂ ಕೇಳಿಸಿಲ್ಲಪ್ಪಾ" ಅಂದಳು.