ಎರಡು ಸುತ್ತಿಗೆ

ಭಾನುವಾರ ಬೆಳಗ್ಗೆ ಒಂಬತ್ತು. ಗೋಪಾಳದ ನಮ್ಮ ಓಣಿ.
ಹಿಂದಿನ ಗಾಲಿಗೆ ಜಂಬಿಟ್ಟಿಗೆ ಕಲ್ಲು ಕೊಟ್ಟು,
ಜಾಕಿನ ಮೇಲೆ ನಂಬಿಕೆ ಸಾಲದೆ
ಕಳಚಿದ ಚಕ್ರವನ್ನೇ ಸುಮೋದ ಅಡಿಗೆ ತಳ್ಳಿ
ಕೂತೆ.

ಕಾಟರ್ ಪಿನ್ನು ಬಂತು, ತುಂಡು ತುಂಡಾಗಿ.
ನಟ್ಟು ಬಂತು, ಬೈಸಿಕೊಂಡು.
ಬಾಲ್ ಜಾಯಿಂಟು ಬರಲಿಲ್ಲ.

ರಿಪ್ಪನ್‌ಪೇಟೆಯ ಮದುವೆ, ಆನಂದಪುರದ ಗೃಹಪ್ರವೇಶ,
ಕೊಪ್ಪರಿಗೆ, ಸೌಟು, ಇನ್ನೂರು ಸ್ಟೀಲ್ ಲೋಟ,
ಹನ್ನೊಂದು ವರ್ಷ ಬಾಡಿಗೆಗೆ ಹೊತ್ತದ್ದೆಲ್ಲ
ಈ ಒಂದು ಗುಂಡಿನ ಮೇಲೇ ಕೂತಿತ್ತೋ ಏನೋ.
ರಬ್ಬರು ಹರಿದು, ಗ್ರೀಸು ಕಾಫಿ ಚರಟವಾಗಿ,
ಕೆಮ್ಮಣ್ಣು ಒಳಹೊಕ್ಕು
ತುಕ್ಕಿನ ಜೊತೆ ಸಂಸಾರ ಹೂಡಿತ್ತು.

ಡೀಸೆಲ್ ಸುರಿದೆ. ಟೀ ಕುಡಿದೆ. ಕಾದೆ.
ಕವಲುಗೋಲು ತುರುಕಿ ಹೊಡೆದೆ.
ಓಣಿಯ ನಾಯಿಗಳೆಲ್ಲ ಬಂದವು.
ಹತ್ತನೇ ಕ್ಲಾಸಿನ ಹೇಮಾಕ್ಷಿ ಬಗ್ಗಿ ನೋಡಿ
"ಅಮ್ಮಾ, ಇದು ಶಂಕುವಿನ ಭಿನ್ನಕ, ಪರೀಕ್ಷೆಗೆ ಬರುತ್ತೆ" ಅಂದಳು.
ಪರೀಕ್ಷೆಗೆ ಬರುತ್ತೆ, ಕೈಗೆ ಬರಲ್ಲ.

ಆಗ ಕಾಂಪೌಂಡಿನಾಚೆ ಕೆಮ್ಮು.
ಹುಚ್ಚರಾಯಪ್ಪ.
ಚರಂಡಿ ನೀರಿನ ಜಗಳವಾಗಿ ಎರಡು ದೀಪಾವಳಿ ಕಳೆದವು,
ಮಾತಿಲ್ಲ.
ತಾಳಗುಪ್ಪ ಲೈನಿನಲ್ಲಿ ಮೂವತ್ತೊಂದು ವರ್ಷ
ಹಳಿ ತಟ್ಟುತ್ತಾ ನಡೆದವರು.
ನನಗಲ್ಲ, ಗೋಡೆಗೆ ಹೇಳುವ ಹಾಗೆ:
"ಮೊಳೆಗೆ ಹೊಡೆದ್ರೆ ಬರಲ್ಲ.
ಅದನ್ನ ಹಿಡಕೊಂಡಿರೋ ಕಣ್ಣಿಗೆ ಹೊಡೀಬೇಕು.
ಎರಡೂ ಕಡೆಯಿಂದ. ಒಂದೇ ಸಲ."

ಒಂದೇ ಸಲ ಎಂದರೆ ಇಬ್ಬರು.
ಇಬ್ಬರು ಎಂದರೆ...
ಗೇಟಿನ ಚಿಲಕ ತೆಗೆದೆ.

ಬೆವರು ಕುಡಿದು ಕಪ್ಪಾದ ಹಿಡಿ, ಅವರ ಸುತ್ತಿಗೆಯದು.
"ನಟ್ಟು ಪೂರ್ತಿ ತೆಗೆದಿದೀರಲ್ಲ! ಎರಡು ಸುತ್ತು ಹಾಕಿ.
ಬಿಟ್ಟಾಗ ಮುಖಕ್ಕೇ ಹಾರ್ತದೆ."
ಹಾಕಿದೆ, ಎರಡು ಸುತ್ತು.

ಹೇಮಾಕ್ಷಿ ಎಣಿಸಿದಳು.
ಮೊದಲ ಸಲ ನಾನು ಮುಂಚೆ.
ಆಮೇಲೆ ಅವರು ತಡ.
ಮತ್ತೆ ನಾನು. ಮತ್ತೆ ನಾನೇ.
ಉಸಿರು ಕೇಳುವಷ್ಟು ಹತ್ತಿರ ಕೂತು
ಮುಖ ನೋಡದೆ ಕೈ ನೋಡುತ್ತಾ
ಆರನೆಯದಕ್ಕೆ

ಠಕ್ಕಲ್ಲ, ಠಣ್ಣಲ್ಲ,
ಬುಡದಿಂದ ಹಲ್ಲು ಕಿತ್ತ ಹಾಗೆ ಒಂದು ಸದ್ದು.
ಸುಮೋ ಒಮ್ಮೆ ಮೈ ಕೊಡವಿತು.
ನಟ್ಟು ಹಿಡಿದುಕೊಂಡಿತು, ಎರಡೇ ಸುತ್ತಿನಲ್ಲಿ.

ಕಿವಿ ಓರೆ ಮಾಡಿ ಕೇಳಿ "ಬಿಟ್ತು" ಎಂದರು.
ಚರಂಡಿಯ ಮಾತು ಬರಲಿಲ್ಲ, ನಾನೂ ತರಲಿಲ್ಲ.
ಹೊಸದಕ್ಕೆಷ್ಟು ಎಂದು ಕೇಳಿ,
ಆಟೋ ಕಾಂಪ್ಲೆಕ್ಸಿನವರಿಗೆಲ್ಲ ಒಟ್ಟಾಗಿ ಬೈದು
ಕೈ ತೊಳೆಯದೆ ಹೋದರು.

ನೀರು ಈಗಲೂ ನಮ್ಮ ಕಡೆಗೇ ಹರಿಯುತ್ತದೆ.
ಬಲಗಡೆಯ ಜಾಯಿಂಟು ಬಾಕಿ ಇದೆ.
ಅವರ ಸುತ್ತಿಗೆ
ನಮ್ಮ ಜಗಲಿಯ ಮೇಲೆ.